ಸವೆಯದ ಟೈರು

ಪಂಪ್ ಮೇಸ್ತ್ರಿ ಟೈರ್ ಅಂಗಡಿಗೆ ಬಂದು ಬಹಳ ಹೊತ್ತಾಗಿತ್ತು. ಗೋಡೆಗೆ ಒರಗಿಸಿಟ್ಟಿದ್ದ ಟೈರುಗಳನ್ನೆಲ್ಲ ಒಂದು ಸುತ್ತು ನೋಡಿ ಮುಗಿಸಿ ಈಗ ಎರಡನೆಯ ಸುತ್ತಿನಲ್ಲಿದ್ದ. ಒಂದೊಂದರ ಮುಂದೆಯೂ ಕುಕ್ಕರಗಾಲಿನಲ್ಲಿ ಕೂರುವುದು, ಜೇಬಿನಿಂದ ಫೋನು ತೆಗೆದು ಅದರಲ್ಲಿದ್ದ ಒಂದು ಫೋಟೋ ನೋಡುವುದು, ಟೈರು ನೋಡುವುದು, ಮತ್ತೆ ಫೋಟೋ ನೋಡುವುದು, ಉಸ್ಸೆಂದು ಏಳುವುದು. ಕಳೆದುಹೋದ ಮಗುವನ್ನು ಹುಡುಕುವವರು ಕೂಡ ಮುಖವನ್ನು ಇಷ್ಟು ಸಲ ತಾಳೆ ಹಾಕಿ ನೋಡಲಿಕ್ಕಿಲ್ಲ.

ಅಂಗಡಿಯ ಯಜಮಾನನನ್ನು ಎಲ್ಲರೂ ಕರೆಯುವುದು ಗಾಳಿಯಣ್ಣ ಎಂದು. ಹಿಂದೆ ರಸ್ತೆಬದಿಯಲ್ಲಿ ಒಂದು ಕಂಪ್ರೆಸರ್ ಇಟ್ಟುಕೊಂಡು ಬರೀ ಗಾಳಿ ಹೊಡೆಯುತ್ತಿದ್ದ ಕಾಲದಲ್ಲಿ ಅಂಟಿಕೊಂಡ ಹೆಸರು ಅದು. ಈಗ ಗಾಜಿನ ಬಾಗಿಲು, ತಿರುಗುವ ಕುರ್ಚಿ, ಟೈರು ಬಿಚ್ಚುವ ಮಿಷನ್ನು ಎಲ್ಲ ಬಂದಿದ್ದರೂ ಹೆಸರು ಬಿಟ್ಟು ಹೋಗಿಲ್ಲ.

"ಮೇಸ್ತ್ರಿ, ಗಾಡಿ ಎಲ್ಲಿ ಓಡಿಸ್ತೀರಿ ಅಂತ ಒಂದೇ ಒಂದು ಮಾತು ಹೇಳಿ, ಯಾವ ಟೈರ್ ಅಂತ ನಾನು ಹೇಳ್ತೀನಿ," ಎಂದ ಗಾಳಿಯಣ್ಣ. "ಟಾರು ಎಷ್ಟು, ಕಲ್ಲುಮಣ್ಣು ಎಷ್ಟು?"

"ಅದೆಲ್ಲ ಇರ್ಲಿ ಮಾರಾಯ. ಇದರ ಹಾಗೇ ಕಾಣೋದು ಯಾವುದಿದೆ, ಅದನ್ನ ಹೇಳು." ಮೇಸ್ತ್ರಿ ಫೋನನ್ನು ಅವನ ಮೂಗಿನ ಬಳಿ ಹಿಡಿದ.

"ಟೈರಿನ ಮುಖ ಕಟ್ಕೊಂಡು ಏನ್ ಮಾಡ್ತೀರಿ? ಹಿಡಿತ ನೋಡಿ, ಹೊರೆ ನೋಡಿ. ಇಷ್ಟು ವರ್ಷದ ವ್ಯಾಪಾರದಲ್ಲಿ ಮುಖ ನೋಡಿ ಟೈರ್ ಆರಿಸೋ ಗಿರಾಕಿ ನೀವೊಬ್ರೇ."

ಮೇಸ್ತ್ರಿ ಏನು ಹೇಳಿಯಾನು? ನಿಜ ಹೇಳುವ ಹಾಗಿರಲಿಲ್ಲ. ಸುಳ್ಳು ಹೇಳೋಣವೆಂದರೆ ಯಾವುದನ್ನು ಹೇಳಬೇಕೆಂದು ಹೊಳೆಯಲಿಲ್ಲ. ಅವನು ಎದ್ದು, ಕಣ್ಣು ಕಣ್ಣು ಬಿಡುತ್ತ, ಮುಂದಿನ ಟೈರಿನ ಎದುರು ಮತ್ತೆ ಕೂತ.

ಹೊರಗೆ ತಗಡಿನ ನೆರಳಿನಲ್ಲಿ ಅವನ ಪಿಕಪ್ಪು ನಿಂತಿತ್ತು. ಬೆನ್ನ ಮೇಲೆ ಮೂರು ಕಾಲಿನ ಕಬ್ಬಿಣದ ಕಂಬ, ಚೈನ್ ಪುಲ್ಲಿ, ಹಗ್ಗ, ಪೈಪಿನ ಕಂತೆ. ಸಾಮಾನ್ಯ ಗಾಡಿಯಲ್ಲ, ಭಾರ ಹೊರುವುದಕ್ಕೆಂದೇ ಹುಟ್ಟಿದ ಗಟ್ಟಿ ಮೈಯ ಗಾಡಿ. ಆದರೆ ಅದರ ನಾಲ್ಕೂ ಟೈರುಗಳು ಈಗ ಬೋಳಾಗಿದ್ದವು.

ಬೆಟ್ಟದ ಮೇಲಿನ ಮನೆಗಳಿಗೆ ಕೊಳವೆಬಾವಿಯೇ ಗತಿ. ನೆಲದಡಿಯ ಮೋಟರ್ ಕೆಟ್ಟು ಕೂತರೆ ಅದನ್ನು ಪೈಪಿನ ಸಮೇತ ಮೇಲೆಳೆದು, ಬಿಚ್ಚಿ, ಸರಿಮಾಡಿ, ಮತ್ತೆ ಇಳಿಸಬೇಕು. ಅಷ್ಟು ಸಾಮಾನು ಹೇರಿಕೊಂಡು ಆ ಕಲ್ಲುದಾರಿ ಹತ್ತುವ ಮೇಸ್ತ್ರಿ ಇವನೊಬ್ಬನೇ. ಊರೊಳಗೂ ಕೆಲಸಕ್ಕೆ ಬರವಿರಲಿಲ್ಲ. ಆದರೆ ಊರೊಳಗೆ ಮೋಟರ್ ಸರಿಯಾದರೆ ಜನ "ಆಯ್ತಾ?" ಎಂದು ಕೇಳಿ ಬಾಗಿಲು ಹಾಕಿಕೊಳ್ಳುತ್ತಾರೆ. ಮೇಲೆ ಹಾಗಲ್ಲ. ಪೈಪಿನ ಬಾಯಿಂದ ಮೊದಲು ಗಾಳಿ, ಆಮೇಲೆ ಕೆಸರು, ಆಮೇಲೆ ಭರ್ರೆಂದು ನೀರು ಬಂದ ಕ್ಷಣ ಮನೆಮಂದಿಯೆಲ್ಲ ಕೂಗುತ್ತಾರೆ, ಮುದುಕರು ಕೂಡ ಮಕ್ಕಳ ಹಾಗೆ ಕೈಯೊಡ್ಡಿ ನಿಲ್ಲುತ್ತಾರೆ. ಆ ಕೂಗು ಕೇಳದೆ ಮೇಸ್ತ್ರಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ.

ಆರು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ಆ ದಾರಿಯಲ್ಲೇ ಗಾಡಿ ಜಾರಿತು. ಬದಲಾಯಿಸೋಣ, ಬದಲಾಯಿಸೋಣ ಎಂದು ಮುಂದಕ್ಕೆ ಹಾಕುತ್ತ ಬಂದಿದ್ದ ಬೋಳು ಟೈರು, ಒದ್ದೆ ಏರು. ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಗಾಡಿ ಒಮ್ಮೆ ಉಸಿರುಗಟ್ಟಿ ನಿಂತು, ನಿಂತದ್ದು ಹಿಂದಕ್ಕೆ ಹೊರಟು, ಒಂದು ಬಂಡೆಗೆ ಗುದ್ದಿಕೊಂಡಿತು. ಬಂಡೆ ಇರದಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ. ಹೆಂಡತಿಯ ಕತ್ತಿನ ಬುಡದ ಮೂಳೆ ಮುರಿಯಿತು. ಇವನಿಗೆ ಒಂದು ತರಚುಗಾಯವೂ ಆಗಲಿಲ್ಲ. ಅದೇ ಅವನನ್ನು ಹೆಚ್ಚು ಸುಟ್ಟಿತು.

ಆಸ್ಪತ್ರೆಯ ಮಂಚದ ಮೇಲೆ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆ ದಿನವೇ ಗಾಡಿಗೆ ಹೊಸ ಟೈರು ಹಾಕಿಸಿಕೊಂಡು ಬಂದಿದ್ದ ಮೇಸ್ತ್ರಿ ಅವಳ ಬೆನ್ನು ನೋಡುತ್ತ ಕೂತು, ಕೂತು, ಕೊನೆಗೆ ತಡೆಯಲಾರದೆ ಹೇಳಿಬಿಟ್ಟ.

"ಈ ಹೊಸ ಟೈರ್ ಸವೆಯೋ ತನಕ ಅಷ್ಟೇ ಕಣೇ. ಆಮೇಲೆ ನಾನು ಬೆಟ್ಟ ಹತ್ತಿದ್ರೆ ಕೇಳು. ನಿನ್ನಾಣೆ."

ಅವಳು "ಹೂಂ" ಎಂದಳು. ಅಥವಾ ನೋವಿಗೆ ನರಳಿದಳೋ, ಅವನಿಗೆ ಸರಿಯಾಗಿ ತಿಳಿಯಲಿಲ್ಲ. ಒಟ್ಟಿನಲ್ಲಿ ಆಣೆ ಬಿದ್ದಿತ್ತು.

ಆಣೆ ಹಾಕುವಾಗ ಟೈರು ಹೊಸದು, ಸವೆಯುವ ದಿನ ದೂರ. ಆದರೆ ಬೆಟ್ಟದ ಕಲ್ಲು ಯಾರಿಗೂ ದಾಕ್ಷಿಣ್ಯ ಮಾಡುವುದಿಲ್ಲ. ವರ್ಷ ತುಂಬುವುದರೊಳಗೆ ಟೈರಿನ ಗ್ರಿಪ್ಪು ತೆಳ್ಳಗಾಯಿತು. ಮೇಸ್ತ್ರಿಗೆ ಒಂದೆರಡು ವಾರ ಅನ್ನ ಸೇರಲಿಲ್ಲ. ಆಮೇಲೆ ಒಂದು ಉಪಾಯ ಹೊಳೆಯಿತು: ಅದೇ ಕಂಪನಿಯ, ಅದೇ ಮಾದರಿಯ, ಅದೇ ಮುಖದ ಟೈರನ್ನೇ ಸದ್ದಿಲ್ಲದೆ ಹಾಕಿಸಿಬಿಟ್ಟರೆ? ಟೈರು ಸವೆದಂತೆ ಕಾಣದಿದ್ದರೆ ಆಣೆಗೆ ಏನು ಧಕ್ಕೆ? ಇಂಥ ಲೆಕ್ಕಾಚಾರ ಮೋಟರ್ ವಿಷಯದಲ್ಲಿ ಮಾಡಿದ್ದರೆ ಅವನು ಎಂದೋ ದೊಡ್ಡ ಮನುಷ್ಯನಾಗುತ್ತಿದ್ದ.

ಹೊಸ ಟೈರಿನ ಮೈಮೇಲೆ ಎಳೆ ಎಳೆಯಾಗಿ ಸಣ್ಣ ರಬ್ಬರ್ ಕೂದಲು ನಿಂತಿರುತ್ತದೆ, ನೋಡಿರುತ್ತೀರಿ. ಮನೆಯ ಪಕ್ಕದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿ, ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ತುಳಿಯುವ ಸದ್ದು ಕೇಳುತ್ತಿರುವಾಗಲೇ, ಮೇಸ್ತ್ರಿ ಆ ಕೂದಲನ್ನೆಲ್ಲ ಒಂದೊಂದಾಗಿ ಕಿತ್ತ. ಉಜ್ಜುವ ಕಾಗದದಿಂದ ಹೊಳಪು ತೆಗೆದ. ಗ್ರಿಪ್ಪಿನ ಸಂದಿಗೆ ಕೆಸರು ಮೆತ್ತಿದ. ಸಂಜೆ ಹೆಂಡತಿ ಕತ್ತಿಗೆ ಅಳತೆ ಟೇಪು ಹಾಕಿಕೊಂಡೇ ಶೆಡ್ಡಿಗೆ ಬಂದು, ಬಗ್ಗಿ, ಟೈರಿನ ಸಂದಿಗೆ ಉಗುರು ತೂರಿಸಿ ನೋಡಿದಳು.

"ಅಬ್ಬಾ! ಹಾಗೇ ಇದೆಯಲ್ರೀ. ಏನ್ ಟೈರೋ ಏನೋ, ಸವೆಯೋದೇ ಇಲ್ಲ!"

ಮೇಸ್ತ್ರಿ ಆ ದಿನ ಎರಡು ಲೋಟ ಟೀ ಕುಡಿದ. ಹೆಂಡತಿಯ ಕಿವಿಗೆ ಹೂವಿಟ್ಟೆ ಎಂಬ ಹಿಗ್ಗು ಒಂದು ಕಡೆ, ಪಾಪ, ಎಷ್ಟು ನಂಬುತ್ತಾಳೆ ಎಂಬ ಸಂಕಟ ಇನ್ನೊಂದು ಕಡೆ. ಅಲ್ಲಿಂದ ಪ್ರತಿ ವರ್ಷವೂ ಇದೇ ಕಥೆ. ಅವಳು ಬೀದಿಯವರಿಗೆಲ್ಲ, ಬಟ್ಟೆ ಹೊಲಿಸಲು ಬಂದವರಿಗೆಲ್ಲ, "ನಮ್ಮನೆಯವರ ಗಾಡಿ ಟೈರು ಸವೆಯೋದೇ ಇಲ್ಲ ಕಣ್ರೀ," ಎಂದು ಹೇಳಿಕೊಂಡು ಬಂದಳು. ಇವನು ಕೇಳಿಸಿಕೊಂಡು ಒಳಗೊಳಗೇ ಕುಗ್ಗಿದ, ಮತ್ತೆ ವರ್ಷ ತುಂಬುವಾಗ ಗಾಳಿಯಣ್ಣನ ಅಂಗಡಿಗೆ ಬಂದ.

ಈ ವರ್ಷ ಗಾಳಿಯಣ್ಣ ಕೈ ಅಲ್ಲಾಡಿಸಿಬಿಟ್ಟಿದ್ದ. "ಆ ಮಾದರಿ ನಿಲ್ಲಿಸಿಬಿಟ್ರು ಮೇಸ್ತ್ರಿ. ಎಲ್ಲೂ ಸಿಗಲ್ಲ."

ಎಲ್ಲೂ ಸಿಗಲಿಲ್ಲ. ಮೇಸ್ತ್ರಿ ಕೇಳದ ಅಂಗಡಿಯಿಲ್ಲ. ಹುಡುಕುವುದರಲ್ಲಿ ತಿಂಗಳುಗಳು ಕಳೆದು ಟೈರು ಬೋಳಾಯಿತು. ಹೆಂಡತಿ ಬೇರೆ ಇತ್ತೀಚೆಗೆ ಊಟಕ್ಕೆ ಕೂತಾಗ, ನೀರು ಕೊಡುವಾಗ, ಮಾತಿಗೊಮ್ಮೆ ಟೈರಿನ ಸುದ್ದಿ ತೆಗೆಯುತ್ತಿದ್ದಳು. "ಯಾಕ್ರೀ, ಈ ಸಲ ನಿಮ್ಮ ಟೈರು ಸಪ್ಪಗೆ ಕಾಣ್ತಿದೆ?" ಎನ್ನುವಳು. "ಯಾವಾಗಲೂ ಈ ಹೊತ್ತಿಗೆ ಹೊಸದರ ಹಾಗೆ ಆಗ್ತಿತ್ತಲ್ಲ?" ಎನ್ನುವಳು. ಮೇಸ್ತ್ರಿ ಊಟ ಬೇಗ ಮುಗಿಸಿ ಎದ್ದುಬಿಡುತ್ತಿದ್ದ. ಆಣೆ ನೆನಪಿಸುತ್ತಿದ್ದಾಳೆ ಎಂದು ಅವನು ತಿಳಿದ. ಬೆಟ್ಟ ಬಿಡುವ ಹೊತ್ತು ಬಂತು ಎಂದು ತಿಳಿದ.

ಇವತ್ತು ಬೆಳಗ್ಗೆ ಬೆಟ್ಟದ ತುತ್ತತುದಿಯ ಮನೆಯ ಅಜ್ಜಿ ಫೋನು ಮಾಡಿದ್ದಳು. "ಮೋಟರ್ ನಿಂತೋಯ್ತು ಮಗಾ. ಕೊಡದಲ್ಲಿ ಹೊತ್ತು ಹೊತ್ತು ಸೊಂಟ ಬಿತ್ತು. ದನಗಳು ಬರೀ ತೊಟ್ಟಿ ನೆಕ್ತಿವೆ." ನಾಳೆ ಬೆಳಗ್ಗೆ ಬರುತ್ತೇನೆಂದು ಮೇಸ್ತ್ರಿ ಮಾತು ಕೊಟ್ಟಿದ್ದ. ಅಜ್ಜಿಗೆ ಕೊಟ್ಟ ಮಾತು, ಹೆಂಡತಿಗೆ ಕೊಟ್ಟ ಮಾತು, ಎರಡೂ ಈಗ ನಾಲ್ಕು ಟೈರಿನ ಮೇಲೆ ನಿಂತಿದ್ದವು. ಅದಕ್ಕೇ ಈ ಮುಖ ನೋಡುವ ಕೆಲಸ.

"ಇದು ನೋಡಿ," ಎಂದು ಗಾಳಿಯಣ್ಣ ಒಂದನ್ನು ಉರುಳಿಸಿಕೊಂಡು ಬಂದ. "ಗ್ರಿಪ್ಪಿನ ಉಬ್ಬು, ಈ ಬಟನ್, ದೊಡ್ಡದು. ಕೆಸರಲ್ಲಿ ಹುಲಿ. ಟಾರ್ ಮೇಲೆ ಮಾತ್ರ ಗುಂಯ್ ಅನ್ನುತ್ತೆ."

ಗುಂಯ್ ಎಂದರೆ ಬೀದಿ ತಿರುವಿನಲ್ಲೇ ಹೆಂಡತಿಗೆ ಕೇಳಿಸುತ್ತದೆ. ಬೇಡ.

"ಇದಕ್ಕೆ ಪಕ್ಕದಲ್ಲಿ ಬಿಳಿ ಅಕ್ಷರ ಇದೆ. ಇಷ್ಟ ಇಲ್ಲ ಅಂದ್ರೆ ತಿರುಗಿಸಿ ಒಳಗಡೆ ಮಾಡಿ ಹಾಕ್ಕೊಡ್ತೀನಿ."

ಅಕ್ಷರ ಒಳಗೆ ಹೋದರೂ ಗ್ರಿಪ್ಪು ಅಂಕುಡೊಂಕು. ಹಳೆಯದು ಸೀದಾ ಸಾಲು. ಬೇಡ.

"ಹಾಗಾದ್ರೆ ಕಣ್ಣು ಮುಚ್ಕೊಂಡು ಇದನ್ನ ತಗೊಳ್ಳಿ. ಹತ್ತು ಪದರದ ಗಟ್ಟಿ ಮಾಲು. ಟಾರಿಗೂ ಸೈ, ಬೆಟ್ಟಕ್ಕೂ ಸೈ. ಚೂಪು ಕಲ್ಲು ಕಚ್ಚಿದ್ರೂ ಪಕ್ಕ ಹರಿಯಲ್ಲ. ನಿಮ್ಮ ಗಾಡಿಗೆ ಇದೇ ಸರಿ."

ಒಳ್ಳೆಯ ಟೈರೇ. ಮೇಸ್ತ್ರಿ ಬೆರಳಿನಿಂದ ಒತ್ತಿ ನೋಡಿದ, ಕಲ್ಲಿನ ಹಾಗಿತ್ತು. ಆದರೆ ಅದರ ಭುಜದ ಮೇಲೆ ದಪ್ಪ ದಪ್ಪ ಹಲ್ಲುಗಳು ಹೊರಗೆ ಚಾಚಿಕೊಂಡಿದ್ದವು. ಕುರುಡರಿಗೂ ಬೇರೆಯದು ಎಂದು ಗೊತ್ತಾಗುವಂತಿತ್ತು. ಅವನ ತಲೆ ಗಿರ್ರೆಂದಿತು. ಹಿಡಿತ ಇದ್ದರೆ ಮುಖ ಇಲ್ಲ, ಮುಖ ಹತ್ತಿರ ಬಂದರೆ ಸದ್ದು. ಇಷ್ಟು ಹೊತ್ತಿಗೆ ಅವನಿಗೆ ಎಲ್ಲ ಟೈರೂ ಒಂದೇ ಥರ ಕಾಣತೊಡಗಿದ್ದವು, ಫೋಟೋದಲ್ಲಿದ್ದದ್ದು ಮಾತ್ರ ಬೇರೆ ಥರ.

ಆಗ ಕಂಪ್ರೆಸರಿನ ಹಿಂದಿನ ಮೂಲೆಯಲ್ಲಿ ಅವನಿಗೆ ಅದು ಕಂಡಿತು. ಅದೇ ಸೀದಾ ಸಾಲು, ಅದೇ ಚೌಕ ಬಟನ್ನು, ಅದೇ ನಯವಾದ ಭುಜ. ಅವಳಿ ಮಕ್ಕಳು ಇಷ್ಟು ಹೋಲಲಿಕ್ಕಿಲ್ಲ.

"ಇದು! ಇದೇ ಇದೇ! ಇಷ್ಟು ಹೊತ್ತು ಯಾಕೆ ತೋರಿಸ್ಲಿಲ್ಲ ಮಾರಾಯ?"

"ಅದು ನಿಮಗಾಗಲ್ಲ. ಅದು ಮನೆಮಂದಿ ಸುತ್ತಾಡೋಕೆ ಹೋಗೋ ಗಾಡಿದು."

"ಸೈಜು ಒಂದೇ ಅಲ್ವಾ?"

"ಸೈಜು ಒಂದೇ. ಹೊರೋ ತಾಕತ್ತು ಒಂದೇ ಅಲ್ಲ. ನಿಮ್ಮ ಕಬ್ಬಿಣ, ಪೈಪು, ಚೈನು ಎಲ್ಲ ಹೇರ್ಕೊಂಡು ಇದರಲ್ಲಿ ಏರು ಹತ್ತಿದ್ರೆ ಹೊಟ್ಟೆ ಒಡೆಯುತ್ತೆ. ಟೈರಿಂದೋ ನಿಮ್ಮದೋ ಅಂತ ಮಾತ್ರ ನನ್ನ ಕೇಳ್ಬೇಡಿ."

ಮೇಸ್ತ್ರಿ ಆ ಟೈರಿನ ಮೇಲೆ ಕೈಯಿಟ್ಟುಕೊಂಡೇ ನಿಂತ. ಸಾಮಾನನ್ನು ಎರಡು ಸಲವಾಗಿ ಹೊತ್ತರೆ? ಗಾಳಿ ಸ್ವಲ್ಪ ಹೆಚ್ಚು ಹೊಡೆಸಿದರೆ? ನಿಧಾನ ಹೋದರೆ? ಮೋಟರಿನ ವಿಷಯದಲ್ಲಿ ಯಾರಾದರೂ ಗಿರಾಕಿ ಹೀಗೆ ಕೇಳಿದ್ದರೆ ಅವನೇ ಗದರಿ ಕಳಿಸುತ್ತಿದ್ದ. ಇದು ತಪ್ಪು ಎಂದು ಅವನ ಕೈಗೆ ಗೊತ್ತಿತ್ತು. ಆದರೆ ಅವನ ತಲೆಯಲ್ಲಿದ್ದದ್ದು ಟೈರಿನ ಸಂದಿಗೆ ಹೋಗುವ ಒಂದು ಉಗುರು, "ಹಾಗೇ ಇದೆಯಲ್ರೀ" ಎನ್ನುವ ಒಂದು ದನಿ.

"ಇದನ್ನೇ ಹಾಕು," ಎಂದ.

"ಹಾಕಲ್ಲ."

"ನಾನು ಕೇಳ್ತಿದ್ದೀನಲ್ಲ, ಹಾಕು ಅಂದ್ರೆ ಹಾಕು. ಇಲ್ಲಾಂದ್ರೆ ತಗೊಂಡ್ಹೋಗಿ ಬೇರೆ ಕಡೆ ಹಾಕಿಸ್ಕೋತೀನಿ."

ಗಾಳಿಯಣ್ಣ ಬಾಯಿ ತೆರೆಯುವಷ್ಟರಲ್ಲಿ ಗಾಜಿನ ಬಾಗಿಲು ದಡಾರನೆ ತೆರೆದುಕೊಂಡಿತು. ಹೆಗಲ ಮೇಲೆ ಒಂದು ಬೋಳು ಟೈರು ಹೊತ್ತುಕೊಂಡು ಬಂದವನು ಮೇಸ್ತ್ರಿಯ ಭಾವಮೈದುನ, ಹೆಂಡತಿಯ ಒಡಹುಟ್ಟಿದ ತಮ್ಮ. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ಅವನ ಕೆಲಸ. ಅವನ ಬಳಿಯೂ ಇಂಥದೇ ಪಿಕಪ್ಪು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಭೂಮಿಯ ಮೇಲಿನ ಎಲ್ಲ ವಿಷಯವನ್ನೂ ಅರ್ಧರ್ಧ ಕಲಿತವನು.

"ಗಾಳಿಯಣ್ಣಾ! ಇದೇನು ಟೈರಾ, ಹಪ್ಪಳಾನಾ? ವರ್ಷ ತುಂಬಲಿಲ್ಲ, ಸವೆದು ಸುಣ್ಣ ಆಯ್ತು!" ಎಂದು ಟೈರನ್ನು ದೊಪ್ಪೆಂದು ಕೆಡವಿದ. ಆಮೇಲೆ ಮೇಸ್ತ್ರಿಯನ್ನು ಕಂಡ. "ಓ ಭಾವ, ನೀವೂ ಇಲ್ಲೇ ಇದ್ದೀರಾ! ಒಳ್ಳೇದಾಯ್ತು. ಸಾಕ್ಷಿ ಹೇಳಿ. ಇದೇ ಟೈರು ನಿಮ್ಮ ಗಾಡಿಗೆ ಆರು ವರ್ಷ ಬಂದಿದೆ ತಾನೆ? ಅಕ್ಕ ಹೇಳಿದ್ಲು ಅಂತಾನೇ ನಾನು ಹಾಕಿಸಿದ್ದು!"

"ಆರು ವರ್ಷಾನಾ?" ಗಾಳಿಯಣ್ಣನ ಬಾಯಿ ತೆರೆದದ್ದು ಹಾಗೇ ಉಳಿಯಿತು. "ಮೇಸ್ತ್ರಿ ಗಾಡಿಗಾ? ಅಲ್ಲ, ಅವರು ವರ್ಷಾ ವರ್ಷಾ..."

ಮೇಸ್ತ್ರಿ ಭಾವಮೈದುನನ ಹಿಂದಿನಿಂದ ಗಾಳಿಯಣ್ಣನಿಗೆ ಕಣ್ಣು ಹೊಡೆದ.

"ಯಾಕೆ ಮೇಸ್ತ್ರಿ, ಕಣ್ಣಿಗೆ ಧೂಳು ಬಿತ್ತಾ?" ಎಂದ ಗಾಳಿಯಣ್ಣ ಕಕ್ಕಾಬಿಕ್ಕಿಯಾಗಿ.

ಭಾವಮೈದುನ ಹೊರಗೆ ಹೋಗಿಯಾಗಿತ್ತು. ಇವರಿಬ್ಬರೂ ಹಿಂದೆಯೇ ಬಂದರು. ಪಿಕಪ್ಪಿನ ಮುಂದಿನ ಗಾಲಿಯ ಬಳಿ ಮೊಣಕಾಲೂರಿ, ಫೋನಿನ ಟಾರ್ಚು ಹಾಕಿಕೊಂಡು ಏನನ್ನೋ ಓದುತ್ತಿದ್ದ. "ಟೈರಿನ ಪಕ್ಕೇಲಿ ನಾಲ್ಕು ಅಂಕಿ ಇರುತ್ತೆ ಭಾವ. ಯಾವ ವಾರ, ಯಾವ ವರ್ಷ ಹುಟ್ಟಿತು ಅಂತ. ವಿಡಿಯೋದಲ್ಲಿ ಹೇಳಿದ್ದಾರೆ. ಇದು..." ಅವನು ಓದಿದ. ತಲೆ ಕೆರೆದುಕೊಂಡು ಇನ್ನೊಮ್ಮೆ ಓದಿದ. ಬಳಸಿಕೊಂಡು ಹೋಗಿ ಉಳಿದ ಮೂರು ಗಾಲಿಗಳದನ್ನೂ ಓದಿ ಬಂದ. "ಭಾವ, ಇದು ಹುಟ್ಟಿದ್ದೇ ಹೋದ ವರ್ಷ. ಆರು ವರ್ಷದಿಂದ ಓಡ್ತಿರೋ ಟೈರು ಹೋದ ವರ್ಷ ಹುಟ್ಟೋದು ಹೇಗೆ?"

ಮೇಸ್ತ್ರಿ ಇಂಗು ತಿಂದ ಮಂಗನಂತೆ ನಿಂತ. ಗಾಳಿಯಣ್ಣ ಇವನ ಮುಖ ನೋಡಿದ, ಅವನ ಮುಖ ನೋಡಿದ, ತಲೆಬುಡ ತಿಳಿಯದೆ ಟೈರಿನ ಮುಖವನ್ನೂ ನೋಡಿದ.

"ಕಂಪನಿಯವರು ತಪ್ಪು ಒತ್ತಿರ್ಬೇಕು," ಎಂದ ಮೇಸ್ತ್ರಿ.

"ನಾಲ್ಕಕ್ಕೂ?"

"ಒಂದೇ ದಿನ ಒತ್ತಿರ್ತಾರಪ್ಪ."

"ಇಲ್ಲ ಭಾವ, ಇದರಲ್ಲಿ ಏನೋ ಮೋಸ ಇದೆ. ನಿಮಗೆ ಯಾರೋ ಟೋಪಿ ಹಾಕಿದ್ದಾರೆ. ತಡೀರಿ, ಅಕ್ಕನ್ನೇ ಕೇಳೋಣ. ಅವಳಿಗೆ ಎಲ್ಲ ನೆನಪಿರುತ್ತೆ." ಮೇಸ್ತ್ರಿ ಕೈ ಚಾಚುವಷ್ಟರಲ್ಲಿ ಅವನು ಫೋನು ಕಿವಿಗಿಟ್ಟುಕೊಂಡಿದ್ದ. "ಅಕ್ಕಾ, ಗಾಳಿಯಣ್ಣನ ಅಂಗಡಿಗೆ ಬಾ, ಬೇಗ. ಭಾವನ ಟೈರು ಆರು ವರ್ಷದ್ದಲ್ವಂತೆ!"

ಅವಳು ಬರುವ ತನಕ ಮೇಸ್ತ್ರಿ ಹಳೆಯ ಟೈರಿನಿಂದ ಮಾಡಿದ ಸ್ಟೂಲಿನ ಮೇಲೆ ಕೂತಿದ್ದ. ಕಂಬಿ ಕೀಳೋಣವೆಂದರೆ ಗಾಡಿಯ ಮುಂದೆಯೇ ಭಾವಮೈದುನ ಕೂತಿದ್ದಾನೆ. ಅವಳಿಗೆ ಮೊದಲು ಏನು ಹೇಳಬೇಕು? ಮೋಸ ಮಾಡಿದೆ ಎಂದೋ, ಬೆಟ್ಟ ಬಿಟ್ಟೆ ಎಂದೋ? ಬೆಟ್ಟ ಬಿಟ್ಟೆ ಎಂದು ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿದ. ಮೋಸ ಮಾಡಿದೆ ಎನ್ನುವುದೇ ಅದಕ್ಕಿಂತ ಸಲೀಸೆನಿಸಿತು.

ಪಕ್ಕದ ಮನೆಯವರ ಸ್ಕೂಟರಿನಿಂದ ಇಳಿದು ಹೆಂಡತಿ ಸೀದಾ ಗಾಡಿಯ ಬಳಿಗೆ ಬಂದಳು. ಕತ್ತಿನಲ್ಲಿ ಅಳತೆ ಟೇಪು ಹಾಗೇ ಇತ್ತು. ತಮ್ಮ ಏನೋ ಹೇಳಲು ಹೊರಟ, ಕೈಯೆತ್ತಿ ಸುಮ್ಮನಾಗಿಸಿದಳು. ಬಗ್ಗಿ ಟೈರಿಗೆ ಉಗುರು ತಾಗಿಸಿದಳು. ಉಗುರು ಒಳಗೆ ಹೋಗಲಿಲ್ಲ. ಮೇಲೇ ಜಾರಿತು. ಅವಳ ಮುಖ ಬಿಳಿಚಿಕೊಂಡಿತು.

"ಹೋದ ವಾರ ಬೆಟ್ಟಕ್ಕೆ ಹೋಗಿದ್ದು ಇದರಲ್ಲೇನಾ?"

ಮೇಸ್ತ್ರಿ ತಲೆ ತಗ್ಗಿಸಿದ. "ಅದೇ ಥರದ್ದು ಎಲ್ಲೂ ಸಿಗ್ಲಿಲ್ಲ ಕಣೇ," ಎಂದ. ಅಂದ ಮೇಲೆ ತಾನು ಏನು ಹೇಳಿಬಿಟ್ಟೆ ಎಂದು ತಿಳಿದು ನಾಲಿಗೆ ಕಚ್ಚಿಕೊಂಡ.

"ಅದೇ ಥರದ್ದು ಯಾಕೆ ಬೇಕಿತ್ತು?"

ಅವನು ಗಾಡಿಯ ಬಾಗಿಲ ಧೂಳನ್ನು ಬೆರಳಿನಿಂದ ಒರೆಸತೊಡಗಿದ.

"ನಾನು ಗುರುತು ಹಿಡಿಯಬಾರ್ದು ಅಂತ ತಾನೆ?" ಅವಳು ಎದ್ದು ನಿಂತಳು. "ಮೊದಲನೇ ವರ್ಷವೇ ಹಿಡಿದೆ. ಶೆಡ್ಡಲ್ಲಿ ಕೂತು ಟೈರಿನ ಕೂದಲು ಕಿತ್ತು ಕಿತ್ತು ಹಾಕ್ತಿದ್ರಲ್ಲ, ಆ ಶೆಡ್ಡು ದಿನಾ ಗುಡಿಸೋರು ಯಾರು? ನೀವಾ? ಮೊರದ ತುಂಬ ಕಪ್ಪು ಕೂದಲು. ಇದೇನಪ್ಪ ಅಂತ ಗಾಬರಿಯಾಗಿ ಟೈರಿನ ಹತ್ರ ಬಂದು ನೋಡಿದ್ರೆ, ಹೊಸ ಟೈರು, ಮೇಲೆ ಕೆಸರು!"

ಮೇಸ್ತ್ರಿಗೆ ನೆಲವೇ ಬಾಯಿ ಬಿಡಬಾರದೇ ಎನಿಸಿತು. ಇಷ್ಟು ವರ್ಷ ಕೂದಲು ಕಿತ್ತವನಿಗೆ ಕಸಬರಿಕೆಯ ನೆನಪು ಒಮ್ಮೆಯೂ ಬಂದಿರಲಿಲ್ಲ. ಒಂದು ಮನೆಯಲ್ಲಿ ಕಸ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸದ ಗಂಡಸರ ಸಾಲಿನಲ್ಲಿ ಅವನೂ ಒಬ್ಬ.

"ಮತ್ತೆ... ಮತ್ತೆ ಸವೆಯೋದೇ ಇಲ್ಲ ಅಂತ ಎಲ್ಲರಿಗೂ ಹೇಳ್ತಿದ್ದೆ?"

"ನೀವು ಕೇಳಿಸ್ಕೊಳ್ಳಲಿ ಅಂತ! ನಾನು ನಂಬಿದ್ದೀನಿ ಅಂತ ನಿಮಗೆ ಗೊತ್ತಾದ್ರೆ ತಾನೆ ಧೈರ್ಯವಾಗಿ ಬದಲಾಯಿಸ್ತೀರಿ? ಗೊತ್ತಾಯ್ತು ಅಂದ್ಬಿಟ್ರೆ ಏನ್ ಮಾಡ್ತಿದ್ರಿ, ಹೇಳಿ. ಆಣೆ ಉಳಿಸ್ಕೋಬೇಕು, ಬೆಟ್ಟಾನೂ ಬಿಡಬಾರ್ದು ಅಂತ, ಅದೇ ಬೋಳು ಟೈರಲ್ಲಿ ಇನ್ನೊಂದು ತಿಂಗಳು, ಇನ್ನೊಂದು ತಿಂಗಳು ಅಂತ ಹತ್ತೋರು. ನಿಮ್ಮನ್ನ ನಾನು ಕಾಣೆನಾ?" ಅವಳು ಕಣ್ಣೊರೆಸಿಕೊಂಡಳು. "ಈ ಒಂದು ತಿಂಗಳಿಂದ ಟೈರು ಸಪ್ಪಗಿದೆ, ಸಪ್ಪಗಿದೆ ಅಂತ ಬಡ್ಕೊಂಡೆ. ಇನ್ನು ಹೇಗ್ರೀ ಹೇಳ್ಬೇಕಿತ್ತು ನಾನು?"

"ನಾನು... ಬೆಟ್ಟ ಬಿಡು ಅಂತ ಹೇಳ್ತಿದ್ದೀಯಾ ಅಂದ್ಕೊಂಡೆ."

"ಬೆಟ್ಟ ಬಿಡಿ ಅಂತ ನಾನು ಯಾವತ್ತು ಹೇಳಿದೆ?"

ಮೇಸ್ತ್ರಿ ನೆನಪು ಮಾಡಿಕೊಂಡ. ಆಸ್ಪತ್ರೆಯ ಗೋಡೆ, ಅವಳ ಬೆನ್ನು, ಅವನದೇ ದನಿ. ಎಷ್ಟು ಹುಡುಕಿದರೂ ಅಲ್ಲಿ ಅವಳ ಮಾತು ಒಂದೂ ಸಿಗಲಿಲ್ಲ. ಕೇಳಿದವರಿಲ್ಲ, ಹೇಳಿದವರಿಲ್ಲ, ಆಣೆ ಮಾತ್ರ ಅವನೇ ತಂದು ಅವಳ ತಲೆಯ ಮೇಲಿಟ್ಟಿದ್ದ. ಹಾಗಾದರೆ ಇಷ್ಟು ವರ್ಷ ತಾನು ಯಾರಿಗೆ ಹೆದರಿ ಕೆಸರು ಮೆತ್ತಿದೆ? ಅವನಿಗೆ ಏನೂ ಅರ್ಥವಾಗದಂತಾಯಿತು.

"ನಾವು ಬೆಟ್ಟದಿಂದ ಬೀಳಲಿಲ್ಲ," ಎಂದಳು ಅವಳು, ಈಗ ಮೆಲ್ಲಗೆ. "ಬೋಳು ಟೈರಿಂದ ಬಿದ್ವಿ. ನನಗೆ ಹೆದರಿಕೆ ಇರೋದು ಅದೊಂದೇ. ನೀವು ನೀರು ಬಂದ ದಿನ ಮನೆಗೆ ಬರೋ ಮುಖ ನಾನು ನೋಡಿಲ್ವಾ? ಅದನ್ನ ಬಿಡಿ ಅಂತೀನಾ? ಆದ್ರೆ ಇಷ್ಟು ವರ್ಷ ನನ್ನನ್ನ ಪೆದ್ದಿ ಅಂದ್ಕೊಂಡ್ರಲ್ಲ, ಅದು ಬೇಜಾರು. ತುಂಬಾ ಬೇಜಾರು."

ಮೇಸ್ತ್ರಿಗೆ ಅಳು ಬಂತು. ಅಂಗಡಿಯ ಮುಂದೆ, ಭಾವಮೈದುನನ ಎದುರು, ನಾಚಿಕೆ ಬಿಟ್ಟು ಅತ್ತ. "ತಪ್ಪಾಯ್ತು ಕಣೇ," ಎಂದ. ಅವಳು ಸಮಾಧಾನ ಮಾಡಲಿಲ್ಲ, ಆದರೆ ಪಕ್ಕದಿಂದ ಕದಲಲೂ ಇಲ್ಲ.

"ಅದೆಲ್ಲ ಸರಿ," ಎಂದ ಭಾವಮೈದುನ ತನ್ನ ಬೋಳು ಟೈರಿನ ಮೇಲೆ ಕೂತು. "ನನ್ನ ಗತಿ ಏನಕ್ಕಾ? ನಿನ್ನ ಮಾತು ನಂಬಿ ನಾನು ಇದನ್ನ ಹಾಕಿಸಿದೆ."

"ನಿನಗೆ ಯಾರೋ ಹೇಳಿದ್ದು? ನಿಮ್ಮ ಭಾವನಿಗೆ ಹೇಳ್ತಿದ್ದೆ ನಾನು. ಅಷ್ಟು ವಿಡಿಯೋ ನೋಡ್ತೀಯಲ್ಲ, ಸವೆಯದೇ ಇರೋ ಟೈರು ಎಲ್ಲಾದರೂ ಇರುತ್ತೇನೋ?"

ಗಾಳಿಯಣ್ಣನಿಗೆ ಅರ್ಧ ತಿಳಿದಿತ್ತು, ಅರ್ಧ ತಿಳಿದಿರಲಿಲ್ಲ. ಅವನು ತನಗೆ ಪೂರ್ತಿ ತಿಳಿದ ಒಂದೇ ಪ್ರಶ್ನೆಯನ್ನು ಮತ್ತೆ ಕೇಳಿದ. "ಮೇಸ್ತ್ರಿ, ಈಗಲಾದರೂ ಹೇಳಿ. ಗಾಡಿ ಎಲ್ಲಿ ಓಡಿಸ್ತೀರಿ?"

ಮೇಸ್ತ್ರಿ ಹೆಂಡತಿಯ ಮುಖ ನೋಡಿದ. ಅವಳು ಬೇರೆ ಕಡೆ ನೋಡುತ್ತಿದ್ದಳು, ಉತ್ತರ ನಿಮ್ಮದೇ ಎನ್ನುವ ಹಾಗೆ.

"ಬೆಟ್ಟಕ್ಕೆ," ಎಂದ. ದನಿ ಸರಿಯಾಗಿ ಹೊರಡಲಿಲ್ಲವೆಂದು ಇನ್ನೊಮ್ಮೆ ಹೇಳಿದ. "ಬೆಟ್ಟಕ್ಕಪ್ಪ. ಪೂರ್ತಿ ಹೊರೆ. ಕಲ್ಲುದಾರಿ. ಆ ಹಲ್ಲಿರೋದು ಹಾಕು, ಹತ್ತು ಪದರದ್ದು."

"ಬಿಳಿ ಅಕ್ಷರ ಇರೋದೂ ಇದೆ," ಎಂದು ಗಾಳಿಯಣ್ಣ ಶುರುಮಾಡಿದ.

"ಹಾಕು ಅಂದ್ರಲ್ಲ, ಹಾಕಪ್ಪ," ಎಂದಳು ಅವಳು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಮೇಸ್ತ್ರಿ ಗಾಡಿಯನ್ನು ಶೆಡ್ಡಿಗೆ ಹಾಕಿ ಇಳಿದ. ಹೊಸ ಟೈರುಗಳು ಹಲ್ಲು ಕಿರಿದುಕೊಂಡು ನಿಂತಿದ್ದವು, ಮೈತುಂಬ ಕಪ್ಪು ಕೂದಲು. ನಾಳೆಗೆ ಬೇಕಾದ ಚೈನು, ಸ್ಪ್ಯಾನರುಗಳನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿಟ್ಟ. ಆಮೇಲೆ ಏನು ಮಾಡಬೇಕೆಂದು ತೋಚದೆ ನಿಂತ. ಇಷ್ಟು ವರ್ಷದ ರೂಢಿ ಎಲ್ಲಿ ಹೋದೀತು? ಕಾಲು ತಾನಾಗಿ ಮುಂದಿನ ಗಾಲಿಯ ಬಳಿಗೆ ನಡೆಯಿತು. ಕುಕ್ಕರಗಾಲಿನಲ್ಲಿ ಕೂತು ಒಂದು ಕೂದಲನ್ನು ಬೆರಳುಗಳ ನಡುವೆ ಹಿಡಿದಿದ್ದ, ಆಗ ಬೆನ್ನ ಹಿಂದೆ ಕಸಬರಿಕೆಯ ಸದ್ದು ಕೇಳಿಸಿತು.

ಹೆಂಡತಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು.

"ಅದನ್ನ ಬಿಡಿ," ಎಂದಳು. "ಈ ಸಲ ಬೆಟ್ಟದ ಮೇಲೇ ಉದುರಲಿ. ಗುಡಿಸಿ ಗುಡಿಸಿ ನನಗೂ ಸಾಕಾಗಿದೆ."

ಮೇಸ್ತ್ರಿ ಕೈ ಬಿಟ್ಟ. ಅವಳು ಗಾಡಿಯ ಸುತ್ತ ಗುಡಿಸತೊಡಗಿದಳು. ಅವನು ಎದ್ದು ಪಕ್ಕಕ್ಕೆ ಸರಿದು ನಿಂತ, ಆಮೇಲೆ ಮೂಲೆಯಲ್ಲಿದ್ದ ಮೊರ ತಂದು ಅವಳ ಮುಂದೆ ಹಿಡಿದ.